ಕಾರಣ ಸಿಕ್ಕಿತು, ಮದ್ದು ಎಲ್ಲಿ?

1982ರ ಜುಲೈ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆ ನಗರ. ಅಲ್ಲಿನ ಸಾಂತಾ ಕ್ಲಾರಾ ವ್ಯಾಲಿ ವೈದ್ಯಕೀಯ ಕೇಂದ್ರಕ್ಕೆ 42 ವರ್ಷದ ಒಬ್ಬ ಮನುಷ್ಯನನ್ನು ಕರೆತಂದರು. ಆತ ಕಲ್ಲಿನ ಬೊಂಬೆಯಂತಾಗಿದ್ದ. ಬಾಯಲ್ಲಿ ಮಾತಿಲ್ಲ, ಮೈಯಲ್ಲಿ ಕದಲಿಕೆಯಿಲ್ಲ. ಮೊದಲು ನೋಡಿದವರು ಮಾನಸಿಕ ಕಾಯಿಲೆ ಇರಬೇಕು ಎಂದುಕೊಂಡರು. ನರರೋಗ ತಜ್ಞ ಡಾ. ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಅವರ ಸಂಗಡಿಗರಿಗೆ ಮಾತ್ರ ಏಕೋ ಅನುಮಾನ. ರೋಗಿಯ ಬೆರಳುಗಳು ತುಸುವೇ ಅಲುಗುತ್ತಿದ್ದುದನ್ನು ಗಮನಿಸಿ ಕೈಗೊಂದು ಪೆನ್ಸಿಲ್ ಕೊಟ್ಟರು. ಕೆಳಗೆ ಕಾಗದ ಇಟ್ಟರು.

ಆತ ಬಹಳ ನಿಧಾನವಾಗಿ ಬರೆದ. ತನಗೆ ಏನಾಗುತ್ತಿದೆ ಎಂದು ತಿಳಿಯುತ್ತಿಲ್ಲ, ಆದರೆ ಮೊದಲಿನಂತೆ ಏನನ್ನೂ ಮಾಡಲಾಗುತ್ತಿಲ್ಲ ಎಂಬುದು ಬರಹದ ಸಾರಾಂಶ. ಮನಸ್ಸು ಎಚ್ಚರವಾಗಿತ್ತು, ಮೈ ಮಾತ್ರ ಮಾತು ಕೇಳುತ್ತಿರಲಿಲ್ಲ.

ಆತನಲ್ಲಿದ್ದುದು ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ಕಾಯಿಲೆಯನ್ನು ನಮ್ಮಲ್ಲಿ ನಡುಕ ರೋಗ ಎನ್ನುತ್ತಾರೆ. ಆಯುರ್ವೇದದಲ್ಲಿ ಕಂಪವಾತ ಎಂಬ ಹೆಸರಿದೆ. ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಭಾಗವಿದೆ. ಅಲ್ಲಿನ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸಿ ಮೈಯ ಚಲನೆಯನ್ನು ಹದದಲ್ಲಿಡುತ್ತವೆ. ಅವು ಸಾಯುತ್ತ ಹೋದಂತೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಹೆಜ್ಜೆ ಕಿತ್ತಿಡುವುದೇ ಕಷ್ಟವಾಗುತ್ತದೆ. ಆದರೆ ಇದು ಬಹುಮಟ್ಟಿಗೆ ವಯಸ್ಸಾದವರ ಕಾಯಿಲೆ. ವರ್ಷಾನುಗಟ್ಟಲೆ ಮೆಲ್ಲಗೆ ಬೆಳೆಯುವಂಥದ್ದು. ನಡುವಯಸ್ಸಿನವನೊಬ್ಬ ಕೆಲವೇ ದಿನಗಳಲ್ಲಿ ಹೀಗೆ ಮರಗಟ್ಟಿಹೋದದ್ದು ಹೇಗೆ?

ಈ ಪ್ರಶ್ನೆಗೆ ಸಿಕ್ಕ ಉತ್ತರ ಮಿದುಳಿನ ಕಾಯಿಲೆಗಳ ಚರಿತ್ರೆಯಲ್ಲಿ ಹೊಸ ಅಧ್ಯಾಯವನ್ನೇ ತೆರೆಯಿತು. ಜೀವಕೋಶಗಳ ಒಳಗಿನ ಮೈಟೊಕಾಂಡ್ರಿಯ ಎಂಬ ಕಣ್ಣಿಗೆ ಕಾಣದ ಕಾರ್ಖಾನೆಯನ್ನು ದುರಸ್ತಿ ಮಾಡಿ ನಡುಕವನ್ನೂ ಮರೆವನ್ನೂ ತಡೆಯಬಹುದೇ ಎಂಬ ಹುಡುಕಾಟಕ್ಕೆ ಅದು ದೊಡ್ಡ ಬಲ ಕೊಟ್ಟಿತು. ಆ ಹುಡುಕಾಟಕ್ಕೆ ಈಗ ನಾಲ್ಕು ದಶಕ ದಾಟಿದೆ.

ಪಾಕ ಕೆಟ್ಟ ಪುಡಿ

ಮರಗಟ್ಟಿದವನು ಆತನೊಬ್ಬನೇ ಅಲ್ಲ. ಆತನ ಗೆಳತಿಗೂ ಅದೇ ಸ್ಥಿತಿ. ಆಸುಪಾಸಿನ ಊರುಗಳಲ್ಲಿ ಇಂಥ ಇನ್ನೂ ಕೆಲವರು ಪತ್ತೆಯಾದರು. ವಿಚಾರಿಸಿದಾಗ ಎಲ್ಲರಿಗೂ ಸಮಾನವಾದ ಒಂದು ಸಂಗತಿ ಗೊತ್ತಾಯಿತು. ಅವರೆಲ್ಲ ಹೆರಾಯಿನ್ ಚಟಕ್ಕೆ ಬಿದ್ದವರು. ಬೀದಿಯಲ್ಲಿ ಹೊಸದಾಗಿ ಮಾರಾಟಕ್ಕೆ ಬಂದಿದ್ದ ಕೃತಕ ಮಾದಕ ಪುಡಿಯನ್ನು ರಕ್ತನಾಳಕ್ಕೆ ಚುಚ್ಚಿಕೊಂಡಿದ್ದವರು.

ಪುಡಿಯಲ್ಲಿ ಏನಿತ್ತು? ಒಬ್ಬ ವಿಷವಿಜ್ಞಾನಿಗೆ ಹಿಂದೆಂದೋ ಓದಿದ ಪ್ರಬಂಧವೊಂದು ನೆನಪಾಯಿತು. 1979ರಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದ್ದ ವರದಿ ಅದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ 23 ವರ್ಷದ ರಸಾಯನಶಾಸ್ತ್ರ ವಿದ್ಯಾರ್ಥಿಯೊಬ್ಬ ಪೆಥಿಡಿನ್ ಎಂಬ ನೋವುನಿವಾರಕವನ್ನು ಹೋಲುವ ಮಾದಕ ವಸ್ತುವನ್ನು ತಾನೇ ತಯಾರಿಸಿಕೊಂಡು ಬಳಸುತ್ತಿದ್ದ. 1976ರಲ್ಲಿ ಒಮ್ಮೆ ಅವಸರಪಟ್ಟು ತಯಾರಿಕೆಯ ಕ್ರಮ ತಪ್ಪಿಸಿದ. ಪಾಕ ಕೆಟ್ಟಿತು. ಅದನ್ನು ಚುಚ್ಚಿಕೊಂಡ ಕೆಲವೇ ದಿನಗಳಲ್ಲಿ ಅವನಿಗೆ ಪಾರ್ಕಿನ್ಸನ್ ಲಕ್ಷಣಗಳು ಕಾಣಿಸಿಕೊಂಡವು. ಮುಂದೆ 1978ರಲ್ಲಿ ಅವನು ತೀರಿಕೊಂಡಾಗ ಶವಪರೀಕ್ಷೆಯಲ್ಲಿ ಮಿದುಳಿನ ಆ ಕಪ್ಪು ಭಾಗ ನಾಶವಾಗಿರುವುದು ಕಂಡಿತು. ಅದೇ ಪುಡಿಯನ್ನು ಇಲಿಗಳಿಗೆ ಕೊಟ್ಟು ನೋಡಿದ್ದರು. ಇಲಿಗಳಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ವಿಷಯ ಅಲ್ಲಿಗೇ ನಿಂತಿತು.

ಕ್ಯಾಲಿಫೋರ್ನಿಯಾದ ಪುಡಿಯಲ್ಲೂ ಇದ್ದದ್ದು ಅದೇ ಕಲಬೆರಕೆ. ಅದರ ಉದ್ದದ ರಾಸಾಯನಿಕ ಹೆಸರನ್ನು ಚಿಕ್ಕದಾಗಿಸಿ ಎಂಪಿಟಿಪಿ ಎನ್ನುತ್ತಾರೆ. ನಾಲ್ವರು ರೋಗಿಗಳ ವಿವರ 1983ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಕೋತಿಗಳ ಮೇಲೆ ಪ್ರಯೋಗ ನಡೆಯಿತು. ಇಲಿಗಳಿಗೆ ತಟ್ಟದ ವಿಷ ಕೋತಿಗಳಿಗೆ ತಟ್ಟಿತು. ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಉಂಟುಮಾಡುವ ಹೊಸ ದಾರಿ ಹೀಗೆ ಕೈಗೆ ಸಿಕ್ಕಿತು.

ಕೋಶದೊಳಗಿನ ಶರಾವತಿ

ಆ ವಿಷ ಮಿದುಳಿನಲ್ಲಿ ಎಲ್ಲಿಗೆ ಹೋಗಿ ಏನು ಕೆಡಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

1890ರಲ್ಲಿ ಜರ್ಮನಿಯ ರಿಚರ್ಡ್ ಆಲ್ಟ್‌ಮನ್ ಜೀವಕೋಶಗಳ ಒಳಗೆ ಪುಟ್ಟ ಕಣಗಳನ್ನು ಕಂಡು, ಅವು ಕೋಶದೊಳಗೆ ಬದುಕುವ ಬೇರೆಯೇ ಜೀವಿಗಳಿರಬೇಕು ಎಂದು ಊಹಿಸಿದ್ದ. 1898ರಲ್ಲಿ ಕಾರ್ಲ್ ಬೆಂಡಾ ಅವುಗಳಿಗೆ ಮೈಟೊಕಾಂಡ್ರಿಯ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ದಾರ ಮತ್ತು ಕಾಳು ಎಂಬ ಎರಡು ಶಬ್ದ ಕೂಡಿದ ಹೆಸರು ಅದು. ಅವುಗಳ ಕೆಲಸವೇನೆಂದು ಸ್ಪಷ್ಟವಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1948ರಲ್ಲಿ ಯೂಜೀನ್ ಕೆನಡಿ ಮತ್ತು ಆಲ್ಬರ್ಟ್ ಲೆನಿಂಜರ್, ನಾವು ತಿಂದ ಅನ್ನದಿಂದ ಶಕ್ತಿ ತೆಗೆಯುವ ಮುಖ್ಯ ಕೆಲಸ ನಡೆಯುವುದು ಇಲ್ಲಿಯೇ ಎಂದು ತೋರಿಸಿಕೊಟ್ಟರು.

ಹೇಗೆ ನಡೆಯುತ್ತದೆ? ಶರಾವತಿಯ ನೀರನ್ನು ಅಣೆಕಟ್ಟಿನ ಹಿಂದೆ ನಿಲ್ಲಿಸಿ, ಕೊಳವೆಗಳಲ್ಲಿ ಇಳಿಸಿ, ಟರ್ಬೈನ್ ತಿರುಗಿಸಿ ವಿದ್ಯುತ್ ತೆಗೆಯುವುದನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಮೈಟೊಕಾಂಡ್ರಿಯದ ಒಳಪೊರೆಯೇ ಅಣೆಕಟ್ಟು. ಪೊರೆಯಲ್ಲಿರುವ ಪಂಪುಗಳು ಆಹಾರದಿಂದ ಬಂದ ಶಕ್ತಿಯನ್ನು ಬಳಸಿ ಹೈಡ್ರೋಜನ್ ಕಣಗಳನ್ನು ಒಂದು ಬದಿಗೆ ತಳ್ಳುತ್ತವೆ. ಅವು ಇನ್ನೊಂದು ಬದಿಗೆ ಧುಮುಕುವಾಗ ಟರ್ಬೈನಿನಂಥ ಯಂತ್ರವೊಂದು ತಿರುಗಿ ಎಟಿಪಿ ಎಂಬ ಶಕ್ತಿಯ ನಾಣ್ಯ ತಯಾರಾಗುತ್ತದೆ. ಇಂಗ್ಲೆಂಡಿನ ಪೀಟರ್ ಮಿಚೆಲ್ 1961ರಲ್ಲಿ ಅಣೆಕಟ್ಟಿನ ಈ ವಾದವನ್ನು ಮುಂದಿಟ್ಟಾಗ ನಂಬಿದವರು ಕಡಿಮೆ. 1978ರಲ್ಲಿ ಅದೇ ವಾದಕ್ಕೆ ನೊಬೆಲ್ ಪ್ರಶಸ್ತಿ ಬಂತು.

ಮಿದುಳಿಗೂ ಈ ಕಾರ್ಖಾನೆಗೂ ಇರುವ ನಂಟು ವಿಶೇಷವಾದದ್ದು. ಮಿದುಳಿನ ತೂಕ ಮೈತೂಕದ ಶೇಕಡ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 20 ಅದಕ್ಕೇ ಬೇಕು. ಕರೆಂಟು ಹೋದರೆ ದೀಪ ಆರಿದ ಮನೆಯಲ್ಲೂ ಹೇಗೋ ರಾತ್ರಿ ಕಳೆಯಬಹುದು. ಮಿದುಳಿಗೆ ಆ ಸೌಲಭ್ಯವಿಲ್ಲ. ಕೆಲವು ನಿಮಿಷ ಶಕ್ತಿ ನಿಂತರೂ ಅಲ್ಲಿ ನರಕೋಶಗಳು ಸಾಯತೊಡಗುತ್ತವೆ.

ಎಂಪಿಟಿಪಿ ಮಾಡುತ್ತಿದ್ದುದು ಇದನ್ನೇ. ಮಿದುಳಿಗೆ ಹೊಕ್ಕ ಮೇಲೆ ಅಲ್ಲಿನ ಒಂದು ಕಿಣ್ವ ಅದನ್ನು ಬೇರೊಂದು ವಿಷವಾಗಿ ಬದಲಿಸುತ್ತದೆ. ಡೋಪಮಿನ್ ಕೋಶಗಳು ಆ ವಿಷವನ್ನು ತಮ್ಮದೇ ಡೋಪಮಿನ್ ಎಂದು ಮೋಸಹೋಗಿ ಒಳಗೆ ಎಳೆದುಕೊಳ್ಳುತ್ತವೆ. ಒಳಹೋದ ವಿಷ ಮೈಟೊಕಾಂಡ್ರಿಯದ ಮೊದಲನೆಯ ಪಂಪನ್ನು ತಡೆಹಿಡಿಯುತ್ತದೆ. ಇದನ್ನು 1985ರಲ್ಲಿ ಅಮೆರಿಕದ ನಿಕ್ಲಾಸ್, ವ್ಯಾಸ್ ಮತ್ತು ಹೈಕಿಲಾ ಎಂಬ ವಿಜ್ಞಾನಿಗಳು ತೋರಿಸಿದರು. ಈ ಪಂಪಿಗೆ ವಿಜ್ಞಾನಿಗಳು ಕೊಟ್ಟ ಹೆಸರು ಕಾಂಪ್ಲೆಕ್ಸ್ ಒಂದು.

ಹಾಗಾದರೆ ಯಾವ ಪುಡಿಯನ್ನೂ ಮುಟ್ಟದ ಸಾಮಾನ್ಯ ರೋಗಿಗಳ ಕಥೆಯೇನು? 1989ರಲ್ಲಿ ಲಂಡನ್ನಿನಲ್ಲಿ ಆಂಥೊನಿ ಶಾಪಿರಾ ಮತ್ತು ಸಂಗಡಿಗರು ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದರು. ಅಲ್ಲೂ ಅದೇ ಪಂಪು ಸೊರಗಿತ್ತು. ಮುಂದೆ ಕೆಲವು ಕುಟುಂಬಗಳಲ್ಲಿ ಎಳೆಯ ವಯಸ್ಸಿಗೇ ಬರುವ ಪಾರ್ಕಿನ್ಸನ್ ಕಾಯಿಲೆಗೆ ಕಾರಣವಾದ ಎರಡು ಜೀನುಗಳು ಪತ್ತೆಯಾದವು. 1998ರಲ್ಲಿ ಪಾರ್ಕಿನ್, 2004ರಲ್ಲಿ ಪಿಂಕ್1. ಕೆಟ್ಟುಹೋದ ಮೈಟೊಕಾಂಡ್ರಿಯವನ್ನು ಗುರುತಿಸಿ ಕಸಕ್ಕೆ ಹಾಕುವುದು ಈ ಎರಡರ ಕೆಲಸವೆಂದು 2008ರ ನಂತರದ ಸಂಶೋಧನೆಗಳು ಹೇಳಿದವು.

ಬೆಂಗಳೂರಿನ ಎರಡು ಪ್ರಯೋಗಾಲಯಗಳು

ಬಾಯಿಗೆ ಹೋದ ವಿಷದಿಂದ ನರಗಳು ಕೆಡುವುದು ಭಾರತಕ್ಕೆ ಹೊಸತಲ್ಲ. ಮಧ್ಯ ಭಾರತದ ಬಡವರು ಬರಗಾಲದಲ್ಲಿ ತಿನ್ನುತ್ತಿದ್ದುದು ಕೇಸರಿ ಬೇಳೆ. ಮಳೆಯಿಲ್ಲದಿದ್ದರೂ ಬೆಳೆಯುತ್ತದೆ, ಅಗ್ಗ. ಆದರೆ ತಿಂಗಳುಗಟ್ಟಲೆ ಅದನ್ನೇ ಉಂಡವರಲ್ಲಿ ಕೆಲವರಿಗೆ ಕಾಲು ಸೆಟೆದುಕೊಂಡು ಜೀವನಪರ್ಯಂತ ಕೋಲು ಹಿಡಿಯಬೇಕಾಗುತ್ತಿತ್ತು. ಬೇಳೆಯಲ್ಲಿರುವ ಆ ನರವಿಷವನ್ನು 1964ರಲ್ಲಿ ಬೇರ್ಪಡಿಸಿ ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಸೇರಿದ್ದಾರೆ.

ಆ ವಿಷ ಕೋಶದೊಳಗೆ ಎಲ್ಲಿ ಕೆಲಸ ಮಾಡುತ್ತದೆ? ಅದೇ ಊರಿನ ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ ಇಲಿಗಳ ಮೇಲೆ ಪ್ರಯೋಗ ನಡೆಸಿತು. 1998ರಲ್ಲಿ ಪ್ರಕಟವಾದ ಅವರ ಪ್ರಬಂಧ ನೀಡಿದ ಉತ್ತರ: ನರಕೋಶ ಸಾಯುವುದಕ್ಕೆ ಮೊದಲೇ ಮೈಟೊಕಾಂಡ್ರಿಯದ ಕಾಂಪ್ಲೆಕ್ಸ್ ಒಂದು ಕೆಡುತ್ತದೆ. ಕ್ಯಾಲಿಫೋರ್ನಿಯಾದ ಮಾದಕ ಪುಡಿ, ರೇವಾ ಸೀಮೆಯ ಬಡವರ ಬೇಳೆ. ಎರಡಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಎರಡೂ ತಲುಪಿದ್ದು ಒಂದೇ ಪಂಪಿಗೆ!

ಹೊಲಗದ್ದೆಯ ವಿಷಗಳೂ ಈ ಪಟ್ಟಿಗೆ ಸೇರಿದವು. ಕೆಲವು ಗಿಡಬಳ್ಳಿಗಳ ಬೇರಿನಿಂದ ತೆಗೆಯುವ ರೊಟೆನೋನ್ ಎಂಬ ಕೀಟನಾಶಕವೂ ಕಾಂಪ್ಲೆಕ್ಸ್ ಒಂದನ್ನು ತಡೆಯುತ್ತದೆ. 2000ದಲ್ಲಿ ಅಮೆರಿಕದ ತಿಮೊಥಿ ಗ್ರೀನಮೈರ್ ತಂಡ ಅದನ್ನು ಇಲಿಗಳಿಗೆ ಕೊಟ್ಟು ಪಾರ್ಕಿನ್ಸನ್ ಲಕ್ಷಣಗಳನ್ನು ಕಂಡಿತು. 2011ರಲ್ಲಿ ಅಮೆರಿಕದ ರೈತರು ಹಾಗೂ ಕೀಟನಾಶಕ ಸಿಂಪಡಿಸುವವರ ಅಧ್ಯಯನವೊಂದು ಪ್ರಕಟವಾಯಿತು. ರೊಟೆನೋನ್ ಅಥವಾ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಬಳಸಿದ್ದವರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಸಾಧ್ಯತೆ ಇತರರಿಗಿಂತ ಎರಡೂವರೆ ಪಟ್ಟು ಇದೆ ಎಂದು ಅದು ಹೇಳಿತು.

ಗುಳಿಗೆಗಳ ಕಾಲ

ಕಾರಣ ಇಷ್ಟು ಸ್ಪಷ್ಟವಾದ ಮೇಲೆ ಮದ್ದು ದೂರವಿಲ್ಲ ಎಂದು ಎಲ್ಲರಿಗೂ ಅನ್ನಿಸಿದ್ದು ಸಹಜ. ಆಗ ಇದ್ದ ಮುಖ್ಯ ಔಷಧ, 1960ರ ದಶಕದಲ್ಲಿ ಬಂದ ಲೆವೊಡೋಪ. ಕ್ಯಾಲಿಫೋರ್ನಿಯಾದ ಮರಗಟ್ಟಿದ ರೋಗಿಗಳೂ ಅದನ್ನು ಕೊಟ್ಟಾಗ ಕೈಕಾಲು ಆಡಿಸಿದ್ದರು. ಆದರೆ ಅದು ಕಡಿಮೆಯಾದ ಡೋಪಮಿನ್ ಅನ್ನು ತುಂಬಿಕೊಡುತ್ತದೆಯೇ ಹೊರತು ಕೋಶಗಳ ಸಾವನ್ನು ತಡೆಯುವುದಿಲ್ಲ. ಈಗ ಬೇಕಾದದ್ದು ಬೇರಿಗೇ ನೀರೆರೆಯುವ ಮದ್ದು.

ಮೊದಲ ಪ್ರಯತ್ನ ನೇರವಾಗಿ ಎಂಪಿಟಿಪಿಯ ಪಾಠದಿಂದಲೇ ಬಂತು. ಎಂಪಿಟಿಪಿಯನ್ನು ವಿಷವಾಗಿಸುವ ಕಿಣ್ವವನ್ನು ತಡೆಯುವ ಡೆಪ್ರೆನಿಲ್ ಎಂಬ ಔಷಧ ಆಗಲೇ ಇತ್ತು. ಪ್ರಾಣಿಗಳನ್ನು ಅದು ವಿಷದಿಂದ ಕಾಪಾಡಿತ್ತು. 1987ರಲ್ಲಿ ಅಮೆರಿಕ ಮತ್ತು ಕೆನಡಾಗಳ 800 ರೋಗಿಗಳ ಮೇಲೆ ಡೆಪ್ರೆನಿಲ್ ಮತ್ತು ವಿಟಮಿನ್ ಇ ಪರೀಕ್ಷೆ ಆರಂಭವಾಯಿತು. 1989ರಲ್ಲಿ ಬಂದ ಮೊದಲ ಫಲಿತಾಂಶ ಸಂಭ್ರಮ ತಂದಿತು: ಡೆಪ್ರೆನಿಲ್ ತೆಗೆದುಕೊಂಡವರಿಗೆ ಲೆವೊಡೋಪದ ಅಗತ್ಯ ತಡವಾಗಿ ಬೀಳುತ್ತಿತ್ತು. ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. ಅದು ಲಕ್ಷಣಗಳನ್ನು ತುಸು ತಗ್ಗಿಸುತ್ತಿದೆ, ಅಷ್ಟೇ. ಕೋಶಗಳನ್ನು ಉಳಿಸುತ್ತಿದೆ ಎನ್ನಲು ಆಧಾರವಿಲ್ಲ ಎಂಬುದು ಮುಂದೆ ಸ್ಪಷ್ಟವಾಯಿತು. ವಿಟಮಿನ್ ಇ ಅಂತೂ ಏನೂ ಮಾಡಲಿಲ್ಲ.

ನಂತರದ ಸರದಿ ಕೋಎಂಜೈಮ್ ಕ್ಯೂ10ರದು. ಯುಬಿಕ್ವಿನೋನ್ ಎಂಬ ಇನ್ನೊಂದು ಹೆಸರಿನ ಈ ವಸ್ತುವನ್ನು 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಕ್ರೇನ್ ದನದ ಹೃದಯದ ಮೈಟೊಕಾಂಡ್ರಿಯದಿಂದ ಬೇರ್ಪಡಿಸಿದ್ದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಮತ್ತು ಅವರ ಶಿಷ್ಯರೂ 1960ರ ದಶಕದಲ್ಲಿ ಇದರ ಮೇಲೆ ಕೆಲಸ ಮಾಡಿದ್ದರು. ಒಂದು ಪಂಪಿನಿಂದ ಮತ್ತೊಂದಕ್ಕೆ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವುದು ಅದರ ಕೆಲಸ. ಪಂಪು ಸೊರಗಿದ್ದರೆ ಹೊರುವ ಆಳುಗಳನ್ನು ಹೆಚ್ಚಿಸೋಣ ಎಂಬುದು ವೈದ್ಯರ ಲೆಕ್ಕಾಚಾರ.

2002ರಲ್ಲಿ ಕ್ಲಿಫರ್ಡ್ ಶುಲ್ಟ್ಸ್ ಮತ್ತು ಸಂಗಡಿಗರು 80 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು. ದಿನಕ್ಕೆ 1200 ಮಿಲಿಗ್ರಾಂ ತೆಗೆದುಕೊಂಡವರ ಸ್ಥಿತಿ, ಹುಸಿ ಗುಳಿಗೆ ನುಂಗಿದವರಿಗಿಂತ ಶೇಕಡ 44ರಷ್ಟು ನಿಧಾನವಾಗಿ ಕೆಡುತ್ತಿತ್ತು. ಇದು ಚಿಕ್ಕ ಪರೀಕ್ಷೆ, ದೊಡ್ಡದೊಂದು ನಡೆಯುವವರೆಗೆ ಕಾಯಬೇಕು ಎಂದು ಸಂಶೋಧಕರೇ ಎಚ್ಚರಿಸಿದರು. ಆದರೆ ಮನೆಯಲ್ಲಿ ನಡುಗುವ ಕೈ ಕಾಣುತ್ತಿರುವವರು ಕಾಯುವುದುಂಟೇ? ಗುಳಿಗೆಗಳು ಅಂಗಡಿಗಳಲ್ಲಿ ಸಿಗುತ್ತಿದ್ದವು, ಜನ ಕೊಂಡರು.

ದೊಡ್ಡ ಪರೀಕ್ಷೆ 600 ರೋಗಿಗಳ ಮೇಲೆ ನಡೆಯಿತು. ಪ್ರಮಾಣವನ್ನು ದಿನಕ್ಕೆ 2400 ಮಿಲಿಗ್ರಾಂವರೆಗೂ ಏರಿಸಿ ನೋಡಿದರು. ಪ್ರಯೋಜನ ಕಾಣದೆ 2011ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. 2014ರಲ್ಲಿ ಪ್ರಕಟವಾದ ವರದಿಯೂ ಅದನ್ನೇ ಖಚಿತಪಡಿಸಿತು. ಕೋಶಗಳಿಗೆ ಶಕ್ತಿಯ ಆಪದ್ಧನದಂತಿರುವ ಕ್ರಿಯಾಟಿನ್ ಅನ್ನು 1741 ರೋಗಿಗಳಿಗೆ ಕೊಡುತ್ತಿದ್ದ ಮತ್ತೊಂದು ಪರೀಕ್ಷೆ 2013ರಲ್ಲಿ ಇದೇ ದಾರಿ ಹಿಡಿಯಿತು. ಹಂಟಿಂಗ್‌ಟನ್ ಎಂಬ ಆನುವಂಶಿಕ ಮಿದುಳು ಕಾಯಿಲೆಯ 609 ರೋಗಿಗಳ ಮೇಲೆ ನಡೆದ ಕ್ಯೂ10 ಪರೀಕ್ಷೆಯೂ ನಿಂತುಹೋಯಿತು.

ಮರೆವಿನ ಮದ್ದು

ಅರವತ್ತಕ್ಕೆ ಅರಳುಮರಳು ಎನ್ನುವುದು ನಮ್ಮಲ್ಲಿ ಮನೆಮಾತು. ವಯಸ್ಸಾದ ಮೇಲೆ ಮರೆವು ಇದ್ದದ್ದೇ ಎಂದು ಮನೆಯವರು ಸುಮ್ಮನಾಗುವುದೂ ಉಂಟು. ಆದರೆ ಮಕ್ಕಳ ಹೆಸರು, ಮನೆಯ ದಾರಿ ಮರೆಯುವುದು ವಯಸ್ಸಿನ ಸಹಜ ಧರ್ಮವಲ್ಲ, ಅದು ಕಾಯಿಲೆ. ಅಂಥ ಕಾಯಿಲೆಗಳಲ್ಲಿ ಹೆಚ್ಚು ಕಾಣುವುದು ಆಲ್‌ಝೈಮರ್. ಅಲ್ಲೂ ಮಿದುಳು ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯುವುದು ಕುಂದುತ್ತದೆ. ಮೈಟೊಕಾಂಡ್ರಿಯಕ್ಕೆ ಚೇತನ ತುಂಬಿದರೆ ನೆನಪು ಮರಳೀತೇ?

2008ರಲ್ಲಿ ಹೌದು ಎನ್ನಿಸಿತ್ತು. ರಷ್ಯಾದಲ್ಲಿ ಅಲರ್ಜಿಗೆಂದು ಬಳಕೆಯಲ್ಲಿದ್ದ ಡಿಮೆಬಾನ್ ಎಂಬ ಹಳೆಯ ಔಷಧ ಮೈಟೊಕಾಂಡ್ರಿಯವನ್ನು ಕಾಪಾಡುತ್ತದೆ ಎಂದು ಪ್ರಯೋಗಾಲಯಗಳು ಹೇಳಿದ್ದವು. ರಷ್ಯಾದ 183 ಆಲ್‌ಝೈಮರ್ ರೋಗಿಗಳಿಗೆ ಕೊಟ್ಟು ನೋಡಿದಾಗ ಅವರ ಸ್ಥಿತಿ ಸುಧಾರಿಸಿತು ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು. ಮುಂದೆ 598 ರೋಗಿಗಳ ಮೇಲೆ ಹಲವು ದೇಶಗಳಲ್ಲಿ ಪರೀಕ್ಷೆ ನಡೆದು 2010ರ ಮಾರ್ಚಿಯಲ್ಲಿ ಫಲಿತಾಂಶ ಬಂತು. ಡಿಮೆಬಾನ್‌ಗೂ ಹುಸಿ ಗುಳಿಗೆಗೂ ವ್ಯತ್ಯಾಸವೇ ಇರಲಿಲ್ಲ.

ಎಲ್ಲಿ ತಪ್ಪಿತು?

ಕಾರಣ ಗೊತ್ತಿದ್ದೂ ಮದ್ದು ಏಕೆ ಹತ್ತಲಿಲ್ಲ? ಇದಕ್ಕೆ ಒಂದು ಸುಳಿವು ಎಂಪಿಟಿಪಿಯ ಹಳೆಯ ರೋಗಿಗಳಿಂದಲೇ ಸಿಕ್ಕಿತು. ಪುಡಿ ಚುಚ್ಚಿಕೊಂಡು ಮೂರರಿಂದ 16 ವರ್ಷಗಳ ನಂತರ ತೀರಿಕೊಂಡ ಮೂವರ ಮಿದುಳನ್ನು ಲ್ಯಾಂಗ್‌ಸ್ಟನ್ ತಂಡ ಪರೀಕ್ಷಿಸಿ 1999ರಲ್ಲಿ ವರದಿ ಮಾಡಿತು. ವಿಷ ಎಂದೋ ಮೈಯಿಂದ ಹೊರಟುಹೋಗಿತ್ತು. ಆದರೂ ನರಕೋಶಗಳು ಸಾಯುತ್ತಲೇ ಇದ್ದವು, ಸುತ್ತ ಉರಿಯೂತ ನಡೆದೇ ಇತ್ತು. ಬೆಂಕಿ ಹಚ್ಚಿದ ಕಡ್ಡಿ ಆರಿದ ಮೇಲೂ ಬಣವೆ ಒಳಗೊಳಗೇ ಬೇಯುವಂತೆ! ಕಡ್ಡಿಯನ್ನಷ್ಟೇ ಹುಡುಕಿ ಆರಿಸುವ ಔಷಧ ಆ ಹೊತ್ತಿಗೆ ಏನು ಮಾಡೀತು?

ಸಮಯದ ಪ್ರಶ್ನೆಯೂ ಇದೆ. ಕೈ ನಡುಗಿ ರೋಗಿ ವೈದ್ಯರ ಬಳಿಗೆ ಬರುವ ವೇಳೆಗೆ ಡೋಪಮಿನ್ ಕೋಶಗಳ ದೊಡ್ಡ ಪಾಲು ಹೋಗಿರುತ್ತದೆ. ಜೊತೆಗೆ ಪಾರ್ಕಿನ್ಸನ್ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ರೋಗಿಗಳಿದ್ದಾರೆ. ಎಲ್ಲರಲ್ಲೂ ಕೆಟ್ಟದ್ದು ಒಂದೇ ಭಾಗವಲ್ಲ.

ಇದು ನಿಜವೆಂಬುದಕ್ಕೆ ಗೆಲುವಿನ ಉದಾಹರಣೆಗಳೇ ಸಾಕ್ಷಿ. ಹುಟ್ಟಿನಿಂದಲೇ ಕ್ಯೂ10 ಕೊರತೆ ಇರುವ ಅಪರೂಪದ ಮಕ್ಕಳಲ್ಲಿ ಹಲವರಿಗೆ, ಬೇಗ ಕೊಟ್ಟರೆ, ಅದೇ ಗುಳಿಗೆ ಪ್ರಯೋಜನಕಾರಿ. ಮೈಟೊಕಾಂಡ್ರಿಯದ ದೋಷದಿಂದ ಎಳೆವಯಸ್ಸಿನಲ್ಲೇ ಕಣ್ಣು ಹೋಗುವ ಲೆಬರ್ ಕಾಯಿಲೆಗೆ ಐಡೆಬೆನೋನ್ ಎಂಬ ಔಷಧಕ್ಕೆ ಯೂರೋಪ್ 2015ರಲ್ಲಿ ಒಪ್ಪಿಗೆ ನೀಡಿತು. ಹುಡುಗ ಹುಡುಗಿಯರ ನಡಿಗೆ ಕಸಿಯುವ ಫ್ರೀಡ್ರೀಕ್ ಅಟಾಕ್ಸಿಯ ಕಾಯಿಲೆಗೆ ಕಾರಣವಾದ ಜೀನ್ 1996ರಲ್ಲಿ ಪತ್ತೆಯಾಗಿತ್ತು. ಅದು ಕೆಟ್ಟರೆ ಮೈಟೊಕಾಂಡ್ರಿಯ ಕೆಡುತ್ತದೆ. ಆ ಕಾಯಿಲೆಗೆ ಒಮಾವೆಲೊಕ್ಸೊಲೋನ್ ಎಂಬ ಔಷಧವನ್ನು 2023ರ ಫೆಬ್ರವರಿಯಲ್ಲಿ ಅಮೆರಿಕ ಒಪ್ಪಿತು. ಗುಣಪಡಿಸುವ ಮದ್ದಲ್ಲ, ಕಾಯಿಲೆಯ ವೇಗ ತಗ್ಗಿಸುವಂಥದ್ದು. ಇಲ್ಲೆಲ್ಲ ಒಂದು ಸಂಗತಿ ಸಮಾನ: ಯಾವ ಭಾಗ ಕೆಟ್ಟಿದೆ ಎಂದು ನಿಖರವಾಗಿ ತಿಳಿದಿತ್ತು.

ಹುಡುಕಾಟ ನಿಂತಿಲ್ಲ. ನಾರ್ವೆಯ ಬರ್ಗೆನ್‌ನಲ್ಲಿ ವಿಟಮಿನ್ ಬಿ3ಗೆ ಹತ್ತಿರದ ವಸ್ತುವೊಂದನ್ನು 30 ಪಾರ್ಕಿನ್ಸನ್ ರೋಗಿಗಳಿಗೆ ಕೊಟ್ಟು ನೋಡಿದ ಪರೀಕ್ಷೆ 2022ರಲ್ಲಿ ಪ್ರಕಟವಾಯಿತು. ಔಷಧ ಮಿದುಳನ್ನು ತಲುಪುತ್ತದೆ ಎಂಬುದನ್ನಾದರೂ ಅದು ತೋರಿಸಿತು. ಆದರೆ 80 ಮಂದಿಯಲ್ಲಿ ಗೆದ್ದು 600 ಮಂದಿಯಲ್ಲಿ ಸೋತ ಗುಳಿಗೆಯ ಕಥೆ ಬಲ್ಲವರು 30 ಮಂದಿಯ ಫಲಿತಾಂಶವನ್ನು ಕೇಳಿ ಕುಣಿಯಲಾರರು.

ಸೋತ ಪರೀಕ್ಷೆಗಳೆಲ್ಲ ವ್ಯರ್ಥವೇ? ಹಾಗೆನ್ನಲಾಗದು. ಆ ಪರೀಕ್ಷೆಗಳಿಗೆ ಸಾವಿರಾರು ರೋಗಿಗಳು ತಾವಾಗಿ ಬಂದರು. ತಮಗೆ ಸಿಗುವುದು ಔಷಧವೋ ಹುಸಿ ಗುಳಿಗೆಯೋ ತಿಳಿಯದೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ ನುಂಗಿದರು. ಅವರಲ್ಲಿ ಯಾರ ನಡುಕವೂ ನಿಲ್ಲಲಿಲ್ಲ. ಆದರೆ ಇಂದು ಯಾರಾದರೂ ಅಪ್ಪನ ನಡುಕಕ್ಕೋ ಅಜ್ಜಿಯ ಮರೆವಿಗೋ ಮೈಟೊಕಾಂಡ್ರಿಯದ ಹೆಸರು ಹೇಳಿ ದುಬಾರಿ ಗುಳಿಗೆ ಮುಂದಿಟ್ಟರೆ, ಎಷ್ಟು ಮಂದಿಯ ಮೇಲೆ ಪರೀಕ್ಷಿಸಿದ್ದೀರಿ, ಹುಸಿ ಗುಳಿಗೆಗಿಂತ ಎಷ್ಟು ಮೇಲು ಎಂದು ಕೇಳುವ ಧೈರ್ಯ ಮನೆಯವರಿಗೆ ಬಂದಿರುವುದು ಅವರಿಂದಲೇ.